ಸೋಲಾರ್ ಟ್ಯಾಂಕಿಗೆ ತುಕ್ಕು ತಡೆಯುವ ಕೆಮಿಕಲ್ ಹಾಕಬಹುದಾ?

ಇಂಗ್ಲೆಂಡಿನಲ್ಲಿ ನಿಮ್ಮ ಅಣ್ಣ ಮನೆಯ ಹೀಟಿಂಗ್‌ಗೆ ಹಾಕುವ, ತುಕ್ಕು ತಡೆಯುವ ಇನ್‌ಹಿಬಿಟರ್ ಅನ್ನು ಕಾರವಾರದ ಸೋಲಾರ್ ಟ್ಯಾಂಕಿಗೂ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅಲ್ಲಿ ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗಳಲ್ಲಿ ಅದೇ ನೀರು ವರ್ಷಗಟ್ಟಲೆ ಸುತ್ತುತ್ತದೆ, ಹಾಕಿದ್ದು ಒಳಗೇ ಉಳಿಯುತ್ತದೆ. ನಮ್ಮಲ್ಲಿ ಟ್ಯಾಂಕಿನ ನೀರು ನೇರ ಬಚ್ಚಲಿಗೆ ಬರುತ್ತದೆ ಅಲ್ವಾ? ಕೆಮಿಕಲ್ಲನ್ನು ಸುಮ್ನೆ ಮೈಮೇಲೆ ಸುರಿದುಕೊಂಡ ಹಾಗೆ.

ಬಾವಿ ನೀರು, ಬೇಸಿಗೆಯಲ್ಲಿ ಸ್ವಲ್ಪ ಉಪ್ಪು ಅಂದಿದ್ದೀರಿ. ಹಾಗಾದರೆ ನೋಡಬೇಕಾದ್ದು ಟ್ಯಾಂಕಿನೊಳಗಿನ ಮೆಗ್ನೀಸಿಯಂ ಆನೋಡ್ ರಾಡ್. ಟ್ಯಾಂಕಿನ ಉಕ್ಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ವರ್ಷಕ್ಕೊಮ್ಮೆ ಪ್ಲಂಬರ್ ಕೈಲಿ ಬಿಚ್ಚಿಸಿ ನೋಡಿ. ರಾಡಿನ ಒಳಗಿನ ಉಕ್ಕಿನ ತಂತಿ ಕಾಣುವಷ್ಟು ಸವೆದಿದ್ದರೆ ಬದಲಿಸಿ. ಸ್ಟೇನ್‌ಲೆಸ್ ಟ್ಯಾಂಕ್ ಇದ್ದರೂ ಪೂರ್ತಿ ನಂಬಬೇಡಿ, ಉಪ್ಪು ನೀರಿಗೆ ವೆಲ್ಡಿಂಗ್ ಜಾಗದಲ್ಲಿ ಸಣ್ಣ ತೂತು ಬೀಳುವುದುಂಟು. ಹೊರಗಿನ ಸ್ಟ್ಯಾಂಡಿಗೂ ಪೇಂಟ್ ಹೊಡೆಸಿ, ಕಡಲ ಗಾಳಿ ಅದನ್ನೂ ಬಿಡುವುದಿಲ್ಲ.