ಹೊಸದಾಗಿ ತಂದ ಮೊಟ್ಟೆ ತಿನ್ನುವ ಹಾವು ಮೊಟ್ಟೆಯನ್ನೇ ಮುಟ್ಟದಿದ್ದರೆ

ತಂದು ಮೂರು ವಾರವಾದರೂ ನಿಮ್ಮ ಆಫ್ರಿಕಾದ ಮೊಟ್ಟೆ ತಿನ್ನುವ ಹಾವು ಏನನ್ನೂ ತಿಂದಿಲ್ಲ, ಇಟ್ಟ ಕ್ವೇಲ್ (ಲಾವಕ್ಕಿ) ಮೊಟ್ಟೆಯನ್ನು ನಾಲಗೆಯಿಂದ ತಡವಿ ನೋಡಿ ಸರಿದುಹೋಗುತ್ತದೆ, ಇಲಿಮರಿಗೆ ಮೊಟ್ಟೆಯ ಲೋಳೆ ಹಚ್ಚಿ ಕೊಡಲೇ, ಇಲ್ಲವೇ ಬಾಯಿ ಬಿಡಿಸಿ ತಿನ್ನಿಸಲೇ ಎಂದು ಕೇಳಿದ್ದೀರಿ. ಎರಡನ್ನೂ ಮಾಡಬೇಡಿ. ಹಾವಿನ ಉದ್ದ ಸುಮಾರು ಒಂದೂವರೆ ಅಡಿ ಎಂದು ನೀವೇ ಬರೆದಿರುವುದರಿಂದ, ಅದು ಊಟವನ್ನು ನಿರಾಕರಿಸುತ್ತಿದೆ ಎನ್ನುವುದಕ್ಕಿಂತ ನೀವು ಇಟ್ಟಿರುವ ಮೊಟ್ಟೆ ಅದರ ಬಾಯಿಗೆ ಹಿಡಿಸುತ್ತಿಲ್ಲ ಎನ್ನುವ ಸಾಧ್ಯತೆಯೇ ನನಗೆ ಹೆಚ್ಚಾಗಿ ಕಾಣುತ್ತದೆ.

ಡಾಸಿಪೆಲ್ಟಿಸ್ ಕುಲದ ಈ ಹಾವುಗಳು ಹಕ್ಕಿಯ ಮೊಟ್ಟೆಯ ಹೊರತು ಬೇರೇನನ್ನೂ ತಿನ್ನುವುದಿಲ್ಲ. ಬಾಯಲ್ಲಿ ಹಲ್ಲುಗಳು ಹೆಸರಿಗಷ್ಟೇ ಇವೆ. ಇಲಿಯನ್ನು ಹಿಡಿದು ನುಂಗುವ ಸಲಕರಣೆಯೇ ಇವುಗಳಿಗಿಲ್ಲ. ಅದಕ್ಕೆ ಬದಲಾಗಿ ಕತ್ತಿನ ಭಾಗದ ಬೆನ್ನೆಲುಬಿನ ಮಣಿಗಳಿಂದ ಕೆಳಮುಖವಾಗಿ ಬೆಳೆದ ಮುಳ್ಳುಗಳು ಅನ್ನನಾಳದೊಳಕ್ಕೆ ಚಾಚಿಕೊಂಡಿದ್ದು, ಇಡಿಯಾಗಿ ನುಂಗಿದ ಮೊಟ್ಟೆಯನ್ನು ಅಲ್ಲಿ ಒಡೆದು, ಒಳಗಿನದನ್ನು ಹಿಂಡಿ ಹೊಟ್ಟೆಗೆ ಇಳಿಸಿ, ಚಪ್ಪಟೆಯಾದ ಚಿಪ್ಪನ್ನು ಹಾವು ಮತ್ತೆ ಬಾಯಿಂದ ಹೊರಹಾಕುತ್ತದೆ. (ಮೊದಲ ಬಾರಿ ನೋಡುವವರು ಇದನ್ನು ವಾಂತಿಯೆಂದು ತಿಳಿದು ಗಾಬರಿಯಾಗುವುದುಂಟು, ಚಿಪ್ಪು ಹೊರಬಂದರೆ ಊಟ ಸರಿಯಾಗಿ ಆಗಿದೆ ಎಂದೇ ಅರ್ಥ.) ಇಲಿಮರಿಗೆ ವಾಸನೆ ಹಚ್ಚುವ ಉಪಾಯ ಹಾಗ್‌ನೋಸ್ ಹಾವುಗಳನ್ನು ಸಾಕುವವರಲ್ಲಿ ಬಳಕೆಯಲ್ಲಿದೆ. ಕಾಡಿನಲ್ಲಿ ಕಪ್ಪೆಗಳನ್ನು ಇಷ್ಟಪಟ್ಟು ತಿನ್ನುವ ಆ ಹಾವುಗಳು ಇಲಿಯನ್ನೂ ಅರಗಿಸಿಕೊಳ್ಳಬಲ್ಲವಾದ್ದರಿಂದ ಅಲ್ಲಿ ವಾಸನೆಯೊಂದನ್ನು ಬದಲಾಯಿಸಿದರೆ ಸಾಕಾಗುತ್ತದೆ. ನಿಮ್ಮ ಹಾವಿನ ವಿಷಯದಲ್ಲಿ ಅಡ್ಡಿಯಿರುವುದು ವಾಸನೆಯಲ್ಲಿ ಅಲ್ಲ, ದೇಹದ ರಚನೆಯಲ್ಲೇ.

ಈಗ ಗಾತ್ರದ ಮಾತಿಗೆ ಬರೋಣ. ಬೆಳೆದ ಹಾವು ತನ್ನ ತಲೆಯ ಅಗಲದ ಮೂರು ನಾಲ್ಕು ಪಟ್ಟು ದಪ್ಪವಿರುವ ಮೊಟ್ಟೆಯನ್ನೂ ನುಂಗುತ್ತದೆ ಎಂಬುದು ನಿಜವಾದರೂ, ಆ ಅಳತೆಯನ್ನು ಎಳೆಯ ಅಥವಾ ಬಳಲಿದ ಹಾವಿಗೆ ಅನ್ವಯಿಸಬಾರದು. ಸಾಮಾನ್ಯ ಕ್ವೇಲ್ ಮೊಟ್ಟೆ ಹತ್ತು ಹನ್ನೆರಡು ಗ್ರಾಂ ತೂಗುತ್ತದೆ. ಬಟನ್ ಕ್ವೇಲ್ ಎಂಬ ಪುಟ್ಟ ಜಾತಿಯ ಮೊಟ್ಟೆ ಅದರ ಅರ್ಧದಷ್ಟು. ಜೀಬ್ರಾ ಫಿಂಚ್ ಎಂಬ ಪುಟ್ಟ ಸಾಕುಹಕ್ಕಿಯ ಮೊಟ್ಟೆ ಒಂದು ಗ್ರಾಂನ ಆಸುಪಾಸು. ಒಂದೂವರೆ ಅಡಿಯ ಹಾವಿಗೆ ನಾನಾದರೆ ಫಿಂಚ್ ಮೊಟ್ಟೆಗಳಿಂದ ಆರಂಭಿಸಿ, ನಾಲ್ಕಾರು ಊಟಗಳು ಸರಾಗವಾಗಿ ಆದ ಮೇಲೆ ಬಟನ್ ಕ್ವೇಲ್ ಮೊಟ್ಟೆಯನ್ನು ಪಕ್ಕದಲ್ಲಿಟ್ಟು ನೋಡುತ್ತೇನೆ. ದೊಡ್ಡ ಮೊಟ್ಟೆಯೊಡನೆ ಗಂಟೆಗಟ್ಟಲೆ ಹೆಣಗಾಡಿ ಕೈಬಿಟ್ಟ ಹಾವು ಮರುದಿನ ಸಣ್ಣ ಮೊಟ್ಟೆಯ ಬಳಿಗೂ ಸುಳಿಯದಿರುವುದನ್ನು ನೋಡಿದ್ದೇನೆ. ಆದ್ದರಿಂದ ಈ ವಿಷಯದಲ್ಲಿ ತಪ್ಪುವುದಿದ್ದರೆ ಸಣ್ಣ ಗಾತ್ರದ ಕಡೆಗೇ ತಪ್ಪುವುದು ಒಳ್ಳೆಯದು.

ಗಾತ್ರದ ನಂತರ ನೋಡಬೇಕಾದದ್ದು ಮೊಟ್ಟೆಯ ಸ್ಥಿತಿ. ಈ ಹಾವುಗಳು ನಾಲಗೆಯಿಂದ ತಡವಿಯೇ ಕೊಳೆತ ಮೊಟ್ಟೆಯನ್ನೂ ಒಳಗೆ ಮರಿ ಬಲಿತಿರುವ ಮೊಟ್ಟೆಯನ್ನೂ ಗುರುತಿಸಿ ಬಿಟ್ಟುಬಿಡುತ್ತವೆ. ತೊಳೆದು, ಶೀತಕದಲ್ಲಿಟ್ಟು, ಪೊಟ್ಟಣ ಕಟ್ಟಿ ಮಾರುವ ಮೊಟ್ಟೆಯಲ್ಲಿ ಹಕ್ಕಿಯ ವಾಸನೆ ಉಳಿದಿರುವುದೇ ಕಡಿಮೆ. ಇಟ್ಟು ಕೆಲವೇ ದಿನಗಳಾದ, ತೊಳೆಯದ ಮೊಟ್ಟೆಯನ್ನು ಹಕ್ಕಿ ಸಾಕುವವರಿಂದಲೇ ನೇರವಾಗಿ ಪಡೆಯಿರಿ. ಅದು ಆಗದಿದ್ದರೆ, ಮೊಟ್ಟೆಯನ್ನು ಕೋಣೆಯ ಉಷ್ಣತೆಗೆ ತಂದು, ಆರೋಗ್ಯವಂತ ಫಿಂಚ್‌ಗಳ ಗೂಡಿನ ಒಣಹುಲ್ಲು ಮತ್ತು ಪುಕ್ಕಗಳ ನಡುವೆ ಒಂದು ರಾತ್ರಿ ಇಟ್ಟು ಕೊಡಿ. ವಾಸನೆಯ ಉಪಾಯಕ್ಕೆ ಈ ಹಾವಿನಲ್ಲಿ ಜಾಗವಿದ್ದರೆ ಅದು ಇಲ್ಲಿ ಮಾತ್ರ.

ಕೊಡುವ ಕ್ರಮ ಸುಲಭ. ಇವು ರಾತ್ರಿ ಓಡಾಡುವ ಹಾವುಗಳು. ಸಂಜೆ ದೀಪ ಆರಿದ ಮೇಲೆ ಅಡಗುತಾಣದ ಬಾಯಿಯ ಬಳಿ, ಉರುಳಿಹೋಗದಂತೆ ಒಣಹುಲ್ಲಿನ ಚಿಕ್ಕ ಕುಳಿಯಲ್ಲಿ ಮೊಟ್ಟೆಯನ್ನಿಟ್ಟು ಹೊರಟುಬಿಡಿ. ನುಂಗುವಾಗ ಹಾವು ಮೊಟ್ಟೆಯನ್ನು ತನ್ನ ಮೈಯ ಸುರುಳಿಗೋ ಪಕ್ಕದ ಕಲ್ಲಿಗೋ ಒತ್ತಿ ಹಿಡಿಯಬೇಕಾಗುತ್ತದೆ, ನುಣುಪಾದ ನೆಲದ ಮೇಲೆ ಅದು ಜಾರುತ್ತಲೇ ಇರುತ್ತದೆ. ಹಾವಿಗೆ ಮನಸ್ಸಿದ್ದೂ ಊಟವಾಗದಿರುವುದಕ್ಕೆ ಇಷ್ಟು ಸಣ್ಣ ಕಾರಣವೂ ಸಾಕು. ಬೇರೆ ಹಾವುಗಳಿಗೆ ಹೆಪ್ಪು ಕರಗಿಸಿ ಕೊಡುವ ಸತ್ತ ಇಲಿಯಂತೆ ಮೊಟ್ಟೆ ಬೆಳಗಾಗುವುದರೊಳಗೆ ಕೆಡುವುದಿಲ್ಲವಾದ್ದರಿಂದ, ಎರಡು ಮೂರು ರಾತ್ರಿ ಅಲ್ಲಿಯೇ ಬಿಟ್ಟು, ಮುಟ್ಟದಿದ್ದರೆ ತೆಗೆದು, ಒಂದು ವಾರ ಬಿಟ್ಟು ಹೊಸದನ್ನು ಇಡಿ.

ಈ ನಡುವೆ ಹಾವನ್ನು ಕೈಗೆತ್ತಿಕೊಳ್ಳುವುದನ್ನು ಪೂರ್ತಿಯಾಗಿ ನಿಲ್ಲಿಸಬೇಕು. ಹತ್ತಿರ ಹೋದಾಗ ಮೈಯ ಸುರುಳಿಗಳನ್ನು ಒಂದಕ್ಕೊಂದು ಉಜ್ಜಿ ಗರಗಸ ಮಂಡಲದ ಹಾವಿನಂತೆ ಸದ್ದು ಮಾಡುತ್ತಿದ್ದರೆ ಅದು ಇನ್ನೂ ಹೆದರಿಕೆಯಲ್ಲಿದೆ, ಹೆದರಿದ ಹಾವು ತಿನ್ನುವುದಿಲ್ಲ. ಪೆಟ್ಟಿಗೆಯ ಒಂದು ತುದಿಯಲ್ಲಿ 28 ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿಯಿದ್ದು ಇನ್ನೊಂದು ತುದಿ ತಂಪಾಗಿರಲಿ, ಎರಡೂ ಕಡೆ ಮೈ ತಾಗುವಷ್ಟು ಇಕ್ಕಟ್ಟಾದ ಅಡಗುತಾಣವಿರಲಿ, ಹೀಟಿಂಗ್ ಮ್ಯಾಟ್ ಇದ್ದರೆ ಅದಕ್ಕೆ ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕಡ್ಡಾಯವಾಗಿ ಇರಲಿ, ನೀರಿನ ಬಟ್ಟಲು ಸದಾ ತುಂಬಿರಲಿ. ಪೊರೆ ಬಿಡುವ ಮುನ್ನ ಕಣ್ಣು ಮಂಜಾಗಿರುವ ದಿನಗಳಲ್ಲಿ ಮೊಟ್ಟೆ ಇಡುವ ಪ್ರಯತ್ನವೇ ಬೇಡ.

ಮೂರು ವಾರ ಎಂಬ ಲೆಕ್ಕ ನಿಮ್ಮನ್ನು ಕಾಡುತ್ತಿದೆ. ಕಾಡಿನಲ್ಲಿ ಈ ಹಾವುಗಳು ಹಕ್ಕಿಗಳು ಮೊಟ್ಟೆಯಿಡುವ ಕಾಲದಲ್ಲಿ ಹೊಟ್ಟೆ ಬಿರಿಯುವಂತೆ ತಿಂದು, ಉಳಿದ ತಿಂಗಳುಗಳನ್ನು ಬಹುಮಟ್ಟಿಗೆ ಉಪವಾಸದಲ್ಲೇ ಕಳೆಯುತ್ತವೆ. ಆದ್ದರಿಂದ ಕ್ಯಾಲೆಂಡರ್‌ಗಿಂತ ತಕ್ಕಡಿಯನ್ನು ನಂಬಿ. ಒಂದು ಗ್ರಾಂನ ವ್ಯತ್ಯಾಸವನ್ನೂ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ, ಹಾವನ್ನು ಹಿಡಿಯದೆ ಅಡಗುಡಬ್ಬಿಯ ಸಮೇತ ಎತ್ತಿಟ್ಟು, ಡಬ್ಬಿಯ ತೂಕ ಕಳೆದು, ಎರಡು ವಾರಕ್ಕೊಮ್ಮೆ ಬರೆದಿಡಿ. ತೂಕ ಬಹುತೇಕ ನಿಂತಲ್ಲೇ ನಿಂತಿದ್ದರೆ ಕಾಯಬಹುದು. ಆರಂಭದ ತೂಕದ ಹತ್ತನೇ ಒಂದು ಭಾಗ ಇಳಿದಿದ್ದರೆ, ಬೆನ್ನಿನ ಏಣು ಎದ್ದು ಕಾಣುತ್ತಿದ್ದರೆ, ಚರ್ಮ ಮಡಿಕೆ ಬೀಳುತ್ತಿದ್ದರೆ, ಇಲ್ಲವೇ ಬಾಯಿ ತೆರೆದು ಉಸಿರಾಡುತ್ತಿದ್ದರೆ ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿಗೆ ತಡಮಾಡದೆ ಒಯ್ಯಿರಿ. ಸಾಕಲು ಮಾರಾಟಕ್ಕೆ ಬರುವ ಡಾಸಿಪೆಲ್ಟಿಸ್‌ಗಳಲ್ಲಿ ಕಾಡಿನಿಂದ ಹಿಡಿದು ತಂದವು ಬಹಳ ಇರುವುದರಿಂದ ಹೊಟ್ಟೆಹುಳು, ಉಣ್ಣೆ ಮತ್ತು ನೀರಿನಂಶದ ಕೊರತೆ ಇವುಗಳಲ್ಲಿ ಸಾಮಾನ್ಯ. ಹೊಸ ಹಾವಿನ ಮಲಪರೀಕ್ಷೆಯನ್ನಂತೂ ಅದು ತಿನ್ನಲಿ ಬಿಡಲಿ ಮಾಡಿಸುವುದೇ ಸರಿ. ತೀರಾ ಬಳಲಿದ ಹಾವಿಗೆ ವೈದ್ಯರು ಕೊಳವೆಯ ಮೂಲಕ ಕದಡಿದ ಹಸಿ ಮೊಟ್ಟೆಯನ್ನು ಹೊಟ್ಟೆಗೆ ಇಳಿಸಬಲ್ಲರು. ಅದನ್ನು ಮನೆಯಲ್ಲಿ ಪ್ರಯತ್ನಿಸಿದರೆ ದ್ರವ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ, ಮೃದುವಾದ ದವಡೆಗೂ ಪೆಟ್ಟಾಗಬಹುದು.

ಕೊನೆಯದಾಗಿ, ನಿಮ್ಮದು ಗಂಡೋ ಹೆಣ್ಣೋ ಎಂಬುದನ್ನು ಅದೇ ಭೇಟಿಯಲ್ಲಿ ತಿಳಿದುಕೊಳ್ಳಿ. ಹೆಣ್ಣುಗಳು ದೊಡ್ಡದಾಗಿ ಬೆಳೆದು ಕ್ವೇಲ್ ಮೊಟ್ಟೆಗೆ ಹೊಂದಿಕೊಳ್ಳುತ್ತವೆ. ಗಂಡುಗಳು ಚಿಕ್ಕವಾಗಿಯೇ ಉಳಿಯುವುದರಿಂದ ಕೆಲವು ಬದುಕಿನುದ್ದಕ್ಕೂ ಸಣ್ಣ ಮೊಟ್ಟೆಗಳನ್ನೇ ಬೇಡುತ್ತವೆ. ಹಾಗಿದ್ದರೆ ಫಿಂಚ್ ಅಥವಾ ಬಟನ್ ಕ್ವೇಲ್ ಸಾಕುವ ಒಬ್ಬರೊಂದಿಗೆ ವರ್ಷವಿಡೀ ಮೊಟ್ಟೆ ಸಿಗುವಂತೆ ಈಗಲೇ ಮಾತನಾಡಿಕೊಳ್ಳಿ, ಅದು ಸಾಧ್ಯವೇ ಇಲ್ಲದಿದ್ದರೆ ಅಂಥ ಅನುಕೂಲವಿರುವ ಬೇರೊಬ್ಬ ಸಾಕಣೆದಾರರಿಗೆ ಹಾವನ್ನು ಒಪ್ಪಿಸಿ.