ಹಳ್ಳಿ ಮಕ್ಕಳ ಮೇಲೇ ಯಾಕೆ ಪರೀಕ್ಷೆ?

ಸಿಂಧನೂರು ಕಡೆಯ ಶಿಕ್ಷಕಿಯೊಬ್ಬರ ಪತ್ರ ಬಂದಿದೆ. ಮಕ್ಕಳ ಔಷಧ, ಲಸಿಕೆಗಳ ಕ್ಲಿನಿಕಲ್ ಟ್ರಯಲ್ (ಜನರಿಗೆ ಕೊಟ್ಟು ನೋಡುವ ಪರೀಕ್ಷೆ) ಹಳ್ಳಿಗಳಿಗೂ ಬರಬೇಕು ಎಂದು ಹಿಂದಿನ ಸಂಚಿಕೆಯಲ್ಲಿ ನಾವು ಬರೆದದ್ದು ಅವರಿಗೆ ಹಿಡಿಸಿಲ್ಲ. "ಉಳ್ಳವರು ತಮ್ಮ ಮಕ್ಕಳನ್ನು ಕೊಡುವುದಿಲ್ಲ. ಅದಕ್ಕೇ ಬಡವರ ಮಕ್ಕಳ ಮೇಲೆ ಕಣ್ಣು. ನಾಳೆ ನಮ್ಮ ಶಾಲೆಗೇ ಬಂದರೆ ನಾನೇನು ಮಾಡಲಿ?" ಎಂದು ಕೇಳಿದ್ದಾರೆ.

ಮೇಡಂ, ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. 2009ರಲ್ಲಿ ಖಮ್ಮಂ ಜಿಲ್ಲೆಯಲ್ಲಿ (ಈಗದು ತೆಲಂಗಾಣದಲ್ಲಿದೆ) 10ರಿಂದ 14 ವರ್ಷದ ಸಾವಿರಾರು ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದರು. ಅವರಲ್ಲಿ ಎಷ್ಟೋ ಮಂದಿ ಹಾಸ್ಟೆಲ್‌ನಲ್ಲಿದ್ದ ಬುಡಕಟ್ಟು ಮಕ್ಕಳು. ಅಪ್ಪ ಅಮ್ಮ ಸಹಿ ಮಾಡಬೇಕಾದ ಜಾಗದಲ್ಲಿ ವಾರ್ಡನ್, ಹೆಡ್‌ಮಾಸ್ಟರ್ ಸಹಿ ಹಾಕಿದ್ದರು. ಅದು ಟ್ರಯಲ್ ಅಲ್ಲ, ಪ್ರಾತ್ಯಕ್ಷಿಕೆ ಯೋಜನೆ ಎಂದು ಬೇರೆ ಹೆಸರಿಟ್ಟಿದ್ದರು. ಕೆಲವು ಹುಡುಗಿಯರು ತೀರಿಕೊಂಡರು. ಅದಕ್ಕೆ ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತು, ನಿಜ. ಆದರೆ ಚುಚ್ಚಿದ ಮೇಲೆ ಮಕ್ಕಳಿಗೆ ಏನಾಗುತ್ತಿದೆ ಎಂದು ನೋಡಿಕೊಳ್ಳುವ ಏರ್ಪಾಡು ಸರಿಯಾಗಿರಲಿಲ್ಲ. 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಬರೆಯಿತು. ಬರೆಯಲೇಬೇಕಿತ್ತು.

ಇಷ್ಟಾದರೂ ಹಳ್ಳಿಗೆ ಟ್ರಯಲ್ ಬೇಡವೇ ಬೇಡ ಅನ್ನಲು ನಾನು ತಯಾರಿಲ್ಲ. ಯಾಕೆ ಎನ್ನುವುದಕ್ಕೆ ಬೆಳಗಾವಿಗೆ ಹೋಗಬೇಕು.

ದಿನ ತುಂಬುವ ಮುಂಚೆ ಹೆರಿಗೆಯಾಗುವ ಲಕ್ಷಣ ಕಂಡರೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಮಗುವಿನ ಶ್ವಾಸಕೋಶ ಬೇಗ ಬಲಿಯಲಿ ಎಂದು. ಮುಂದುವರಿದ ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ ಇದು ಎಷ್ಟೋ ಶಿಶುಗಳನ್ನು ಉಳಿಸಿದೆ. ಹಾಗಾದರೆ ಹಳ್ಳಿಯಲ್ಲೂ ಕೊಟ್ಟುಬಿಡೋಣ ಅನ್ನಿಸುತ್ತದೆ, ಅಲ್ವಾ? ಬೆಳಗಾವಿ, ನಾಗಪುರ ಸುತ್ತಲಿನ ಊರುಗಳೂ ಸೇರಿ ಆರು ದೇಶಗಳಲ್ಲಿ, ಸುಮಾರು ಒಂದು ಲಕ್ಷ ಹೆರಿಗೆಗಳಲ್ಲಿ ಇದನ್ನು ಪರೀಕ್ಷಿಸಿದರು. 2015ರಲ್ಲಿ ಬಂದ ಫಲಿತಾಂಶ ಯಾರೂ ಎಣಿಸಿದಂತಿರಲಿಲ್ಲ. ತೀರಾ ಕಡಿಮೆ ತೂಕದ ಶಿಶುಗಳ ಸಾವು ಇಳಿಯಲಿಲ್ಲ. ಒಟ್ಟು ಲೆಕ್ಕ ಹಾಕಿದರೆ, ಇಂಜೆಕ್ಷನ್ ಯೋಜನೆ ಇದ್ದ ಕಡೆಯೇ ಸಾವಿರಕ್ಕೆ ಮೂರೂವರೆಯಷ್ಟು ಜಾಸ್ತಿ ಶಿಶುಗಳು 28 ದಿನದೊಳಗೆ ತೀರಿಕೊಂಡಿದ್ದವು. ತಾಯಂದಿರಲ್ಲಿ ಸೋಂಕೂ ಹೆಚ್ಚಿತ್ತು.

ಸ್ಕ್ಯಾನಿಂಗ್ ಇಲ್ಲದ ಕಡೆ ಎಷ್ಟು ವಾರದ ಬಸಿರು ಎಂದು ಖಚಿತವಾಗಿ ಹೇಳುವುದು ಕಷ್ಟ. ಹಾಗಾಗಿ ದಿನ ತುಂಬಿದವರಿಗೂ ಇಂಜೆಕ್ಷನ್ ಬಿದ್ದಿತ್ತು. ಮುಂದೆ ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ, ಸ್ಕ್ಯಾನ್ ಮಾಡಿ ವಾರ ಗೊತ್ತುಮಾಡಿಕೊಂಡು, ಅದೇ ಔಷಧ ಕೊಟ್ಟು ನೋಡಿದರು. 2020ರಲ್ಲಿ ಫಲಿತಾಂಶ ಬಂತು. ಔಷಧ ಸಿಗದ ಗುಂಪಿನಲ್ಲಿ ಶಿಶುಗಳ ಸಾವು ಶೇ 23.5, ಸಿಕ್ಕ ಗುಂಪಿನಲ್ಲಿ ಶೇ 19.6.

ಹಳ್ಳಿಗಳಲ್ಲಿ ಆ ಮೊದಲ ಪರೀಕ್ಷೆ ನಡೆಯದೇ ಹೋಗಿದ್ದರೆ? ದೊಡ್ಡಾಸ್ಪತ್ರೆಯ ಫಲಿತಾಂಶ ನಂಬಿಕೊಂಡು ಊರೂರಲ್ಲಿ ಚುಚ್ಚುತ್ತಾ ಹೋಗುತ್ತಿದ್ದರು. ಅದೂ ಪ್ರಯೋಗವೇ. ಲೆಕ್ಕ ಇಡುವವರು ಮಾತ್ರ ಇರುತ್ತಿರಲಿಲ್ಲ.

ಲಸಿಕೆಯಲ್ಲೂ ಹೀಗೇ. ರೋಟಾ ವೈರಸ್ ಭೇದಿ ತಡೆಯುವ ಹನಿ ಶ್ರೀಮಂತ ದೇಶದ ಮಕ್ಕಳಲ್ಲಿ ಕೆಲಸ ಮಾಡಿದಷ್ಟು ಬಡ ದೇಶಗಳಲ್ಲಿ ಮಾಡುವುದಿಲ್ಲ. ನಮ್ಮದೇ ರೋಟಾವ್ಯಾಕ್ ಅನ್ನು ದೆಹಲಿ, ವೆಲ್ಲೂರು ಮತ್ತು ಪುಣೆ ಹತ್ತಿರದ ವಡು ಕಡೆಯ 6,799 ಶಿಶುಗಳಲ್ಲಿ ಪರೀಕ್ಷಿಸಿದಾಗ, ತೀವ್ರ ಭೇದಿಯಿಂದ ಸಿಕ್ಕ ರಕ್ಷಣೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇಲ್ಲಿನ ಮಕ್ಕಳಿಗೆ ಅದೂ ಸಣ್ಣದಲ್ಲ. 2016ರಿಂದ ರೋಟಾ ಹನಿ ಸರ್ಕಾರಿ ಲಸಿಕೆಗಳ ಜೊತೆ ಪುಕ್ಕಟೆ ಸಿಗತೊಡಗಿತು.

ಆದರೆ ನನ್ನದೊಂದು ಷರತ್ತಿದೆ. ನಡುರಾತ್ರಿ ಮಗುವಿಗೆ ಜ್ವರ ಏರಿದರೆ ನೋಡುವ ಡಾಕ್ಟರು, ಕರೆದೊಯ್ಯುವ ಗಾಡಿ ಇಲ್ಲದ ಊರಿಗೆ ಟ್ರಯಲ್ ಬರಕೂಡದು. ಬರುವವರು ಮೊದಲು ಅದನ್ನು ಒದಗಿಸಲಿ. ಆಸ್ಪತ್ರೆಗೆ ಬಂದ ತಾಯಿಯ ಆ ದಿನದ ಕೂಲಿಯನ್ನೂ ತುಂಬಿಕೊಡಲಿ. ಅದಕ್ಕಿಂತ ಜಾಸ್ತಿ ದುಡ್ಡು ತೋರಿಸಿದರೆ ಅದು ಆಮಿಷ.

ಇನ್ನು ನಿಮ್ಮ ಶಾಲೆಯ ವಿಷಯ. ಯಾರಾದರೂ ಬಂದರೆ ಒಪ್ಪಿಗೆಯ ಜಾಗದಲ್ಲಿ ನೀವು ಸಹಿ ಹಾಕಬೇಡಿ, ಹೆಡ್‌ಮಾಸ್ಟರಿಗೂ ಹೇಳಿ. ಒಪ್ಪಬೇಕಾದವರು ಅಪ್ಪ ಅಮ್ಮ. 7 ವರ್ಷ ದಾಟಿದ ಮಗುವನ್ನೂ ಕೇಳಬೇಕು, 12 ದಾಟಿದವರಿಂದ ಒಪ್ಪಿಗೆ ಬರಹದಲ್ಲೇ ಪಡೆಯಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ಟ್ರಯಲ್‌ಗಳನ್ನು ದಾಖಲಿಸುವ ಸರ್ಕಾರಿ ಪಟ್ಟಿಯಾದ ಸಿಟಿಆರ್‌ಐನ ನೋಂದಣಿ ಸಂಖ್ಯೆ ಕೇಳಿ. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಎರಡೂ ಕೊಡಬೇಕು ಎಂದು ಕೇಂದ್ರ ಸರ್ಕಾರದ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿದೆ. ಯಾರು ಕೊಡುತ್ತಾರೆ, ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಕನ್ನಡದಲ್ಲಿ ಬರೆಸಿಕೊಳ್ಳಿ. ಓದಲು ಬಾರದ ತಾಯಿಯಾದರೆ, ಟ್ರಯಲ್ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಮೊದಲಿನಿಂದ ಕೊನೆಯವರೆಗೆ ಪಕ್ಕದಲ್ಲಿರಬೇಕು. ಆ ಸಾಕ್ಷಿ ನೀವಾಗಬಹುದು.