ಒಂದೇ ಶಾಲೆ, ಒಂದೇ ದೇವರು ಇದ್ದರೆ ಕಾಲ್ಪನಿಕ ಲೋಕದಲ್ಲಿ ಭಾಷೆ ಒಡೆಯದೆ ಉಳಿಯುತ್ತದಾ?

ನೀವು ಬರೆಯುತ್ತಿರುವ ಕಥೆಯ ಎರಡು ರಾಜ್ಯಗಳಿಗೂ ಒಂದೇ ಗುರುಕುಲ, ಒಂದೇ ದೇವರು, ಹಾಗಾಗಿ ಐನೂರು ವರ್ಷವಾದರೂ ಮಾತು ಒಂದೇ ಇರಬಹುದು ಅಂತೀರಿ. ಅಯ್ಯೋ, ಇದೇ ಹೊಂಡಕ್ಕೆ ನಾನೂ ಬಿದ್ದಿದ್ದೆ.

ನನ್ನ ಕಾದಂಬರಿಯಲ್ಲಿ ಎರಡು ದ್ವೀಪ. ಆಚೆ ದ್ವೀಪದ ಬೇಹುಗಾರ ಈಚೆ ಬಂದು ಇಪ್ಪತ್ತು ವರ್ಷ ಅಂಗಡಿ ಇಟ್ಟುಕೊಂಡಿರುತ್ತಾನೆ, ಯಾರಿಗೂ ಗೊತ್ತಾಗುವುದಿಲ್ಲ. ಮಠ ಒಂದೇ, ಪಾಠ ಒಂದೇ, ಮಾತೂ ಒಂದೇ ಅಂತ ನನ್ನ ಲೆಕ್ಕ. 180 ಪುಟ ಆದಮೇಲೆ ಉಡುಪಿಯ ಹಳೇ ಗೆಳೆಯನಿಗೆ ಓದಲು ಕೊಟ್ಟೆ. "ನಮ್ಮೂರಲ್ಲಾದ್ರೆ ಒಂದು 'ಇದ್ದಿ' ಸಾಕು ಮಾರಾಯ, ಇವ ಸಿಕ್ಕಿಬೀಳ್ಲಿಕ್ಕೆ" ಅಂದ.

ನಾಚಿಕೆಯಾಯಿತು. ನಮ್ಮದು ಶಿವಳ್ಳಿ ಬ್ರಾಹ್ಮಣರ ಮನೆ. ತುಳುವಿನಲ್ಲಿ 'ಇಲ್ಲ' ಅನ್ನಲು ಅಮ್ಮನ ಹತ್ತಿರ 'ಇದ್ದಿ', ಗದ್ದೆಯಲ್ಲಿ ಬೇರೆ ಜಾತಿಯ ಹುಡುಗರ ಜೊತೆ ಕ್ರಿಕೆಟ್ ಆಡುವಾಗ 'ಇಜ್ಜಿ'. ಗೇಟು ದಾಟುವಾಗಲೇ ನಾಲಿಗೆ ತಾನಾಗಿ ಬದಲಾಗುತ್ತಿತ್ತು. ಆ ಗೆಳೆಯನೂ ನಾನೂ ಹತ್ತು ವರ್ಷ ಒಂದೇ ಬೆಂಚು. ತೇರಿನ ದಿನ ಒಟ್ಟಿಗೇ ಐಸ್‌ಕ್ಯಾಂಡಿ ತಿಂದವರು.

ನಾನು ಮಾಡಿದ ತಪ್ಪು ಇದು: ಶಾಲೆಯ ಭಾಷೆಯನ್ನೇ ಮನೆಯ ಭಾಷೆ ಅಂದುಕೊಂಡೆ. ಶಾಲೆ ನಮ್ಮಿಬ್ಬರ ತುಳುವನ್ನು ಮುಟ್ಟಲೇ ಇಲ್ಲ. ಅದರ ಮೇಲೆ ಇನ್ನೊಂದು ಕೊಟ್ಟಿತು, ಕನ್ನಡ. ಬೆಂಗಳೂರಿನವರು ನಮ್ಮದನ್ನು 'ಪುಸ್ತಕದ ಕನ್ನಡ' ಅಂತ ನಗುತ್ತಾರಲ್ವಾ? ಪುಸ್ತಕದಿಂದಲೇ ಕಲಿತದ್ದು, ಮತ್ತೆ ಹೇಗಿರುತ್ತದೆ! ಮಠದ ಸಂಸ್ಕೃತವೂ ಅಷ್ಟೇ, ಮಂತ್ರ ಅಲ್ಲೇ ನಿಂತಿತು, ಅಡುಗೆಮನೆಯ ಮಾತು ತನ್ನ ಪಾಡಿಗೆ ಹೋಯಿತು. ಯುರೋಪಿನಲ್ಲೂ ಚರ್ಚು, ಓದುಬರಹ ಎಲ್ಲ ಲ್ಯಾಟಿನ್‌ನಲ್ಲೇ ಇದ್ದ ಕಾಲದಲ್ಲಿ, 813ರಲ್ಲಿ ಫ್ರಾನ್ಸಿನ ತೂರ್‌ನಲ್ಲಿ ಸೇರಿದ ಬಿಷಪ್ಪರು, ಉಪದೇಶವನ್ನು ಹಳ್ಳಿಯವರ ಆಡುಮಾತಿಗೆ ತಿರುಗಿಸಿ ಹೇಳಿ ಅನ್ನಬೇಕಾಯಿತು. ಲ್ಯಾಟಿನ್ ಕೇಳುವವರಿಗೆ ಅರ್ಥವಾಗುತ್ತಿರಲಿಲ್ಲ.

ಧರ್ಮ ಬೇರೆಯಾದರಂತೂ ಕೇಳುವುದೇ ಬೇಡ. ಗೋವಾ ಕಡೆಯಿಂದ ಬಂದ ಕೊಂಕಣಿ ಮಂಗಳೂರಿನ ಕ್ರೈಸ್ತರ ಬಾಯಲ್ಲಿ 'ಮ್ಹಜೆಂ', ಗೌಡ ಸಾರಸ್ವತ ಬ್ರಾಹ್ಮಣರ (ಜಿಎಸ್‌ಬಿ) ಬಾಯಲ್ಲಿ 'ಮೆಗೆಲೆ'. ಎರಡಕ್ಕೂ 'ನನ್ನದು' ಅಂತಲೇ ಅರ್ಥ. ಇದಕ್ಕೆ ಕಾರಣ ದೇವರಲ್ಲ, ಮದುವೆ ಸಂಬಂಧ ಆ ಕಡೆ ಈ ಕಡೆ ಆಗದ್ದು ಅಂತ ನನ್ನ ಲೆಕ್ಕ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಗುರುಕುಲ ಬಿಡಿ. ಹೆಣ್ಣನ್ನು ಯಾವ ಊರಿಗೆ ಕೊಡುತ್ತಾರೆ, ಸಂತೆ ಎಲ್ಲಿ, ಸಂಜೆ ಮಕ್ಕಳು ಯಾರ ಅಂಗಳದಲ್ಲಿ ಆಡುತ್ತಾರೆ, ಅದನ್ನು ಮೊದಲು ಬರೆದಿಡಿ. ವ್ಯಾಕರಣ ಸುಮ್ನೆ ಆಮೇಲೆ ನೋಡಿದರಾಯಿತು.

ನನ್ನ ಬೇಹುಗಾರ ಈಗ ಮೂಕನ ವೇಷ ಹಾಕಿದ್ದಾನೆ. 40ನೇ ಪುಟದಲ್ಲೇ ನಿದ್ದೆಗಣ್ಣಲ್ಲಿ ಮಾತಾಡಿಬಿಟ್ಟ.